ಯಳಂದೂರಿನ ಬಳೆಮಂಟಪ

ಕೊಳ್ಳೇಗಾಲದಿಂದ ನೈಋತ್ಯ ದಿಕ್ಕಿಗೆ ಸುಮಾರು 15 ಕಿಲೋಮೀಟರು ಸಾಗಿದರೆ ಯಳಂದೂರು ಸಿಗುತ್ತದೆ. ಪೂರ್ವದಲ್ಲಿ ಬಿಳಿಗಿರಿರಂಗನ ಬೆಟ್ಟಗಳ ನೀಲಿ ಸಾಲು. ಪಕ್ಕದಲ್ಲಿ ಹೊನ್ನುಹೊಳೆ ಎಂದು ಜನ ಕರೆಯುವ ಸುವರ್ಣಾವತಿ ನದಿ. ಸುತ್ತಲೂ ಭತ್ತದ ಗದ್ದೆ, ತೆಂಗಿನ ತೋಟ. ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಒಂದಕ್ಕೆ ಇದು ಕೇಂದ್ರ. ಬೆಟ್ಟಕ್ಕೆ ಹೋಗುವ ಯಾತ್ರಿಕರಲ್ಲಿ ಹೆಚ್ಚಿನವರು ಇಲ್ಲಿ ಬಸ್ಸಿನಿಂದ ಇಳಿಯುವುದೇ ಇಲ್ಲ. ಇಳಿದವರು ಊರೊಳಗೆ ಕೆಲವು ಹೆಜ್ಜೆ ನಡೆದರೆ, ಮನೆಗಳ ನಡುವೆ ಒಂದು ಕಲ್ಲಿನ ಹೆಬ್ಬಾಗಿಲು ಎದುರಾಗಿ ಅವರನ್ನು ನಿಲ್ಲಿಸುತ್ತದೆ. ಅದು ಗೌರೀಶ್ವರ ದೇವಾಲಯದ ಮಹಾದ್ವಾರ. ಊರಿನವರು ಅದನ್ನು ಬಳೆಮಂಟಪವೆಂದು ಕರೆಯುತ್ತಾರೆ.

ದಕ್ಷಿಣ ಭಾರತದ ದೊಡ್ಡ ದೇವಾಲಯಗಳ ಬಾಗಿಲೆಂದರೆ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ಗೋಪುರ. ಕೆಳಗೆ ಕಲ್ಲಿನ ಅಡಿಪಾಯ, ಅದರ ಮೇಲೆ ಇಟ್ಟಿಗೆ ಗಾರೆಗಳ ಅಂತಸ್ತುಗಳು, ತುದಿಯಲ್ಲಿ ಕಳಶಗಳು. ನಂಜನಗೂಡಿನಲ್ಲಿ ನಾವು ಕಾಣುವುದು ಇದನ್ನೇ. ಯಳಂದೂರಿನ ಬಾಗಿಲಿಗೆ ಗೋಪುರವಿಲ್ಲ. ಎತ್ತರದಿಂದ ಬೆರಗುಗೊಳಿಸುವ ಆಸೆಯೇ ಇದನ್ನು ಕಟ್ಟಿಸಿದವರಿಗೆ ಇದ್ದಂತೆ ಕಾಣುವುದಿಲ್ಲ. ಅವರು ನೋಡುವವನ ದೃಷ್ಟಿಯನ್ನು ಆಕಾಶಕ್ಕೆ ಎತ್ತುವ ಬದಲು ಗೋಡೆಯ ಹತ್ತಿರಕ್ಕೆ ಎಳೆದರು. ಈ ಗೋಡೆಯನ್ನು ಓದಬೇಕಾದರೆ ಮೂಗು ಕಲ್ಲಿಗೆ ತಾಗುವಷ್ಟು ಸಮೀಪ ಹೋಗಬೇಕು.

ಈ ದೇವಾಲಯಕ್ಕೆ ಒಂದಲ್ಲ, ಎರಡು ಹುಟ್ಟುಗಳಿವೆ. ಒಳಗಿನ ಗುಡಿಯನ್ನು ಸುಮಾರು 1550ರಲ್ಲಿ ಸಿಂಗದೇಪರಾಜನೆಂಬ ಪಾಳೆಯಗಾರನು ಕಟ್ಟಿಸಿದನು. ಹೊರಗಿನ ಮಹಾದ್ವಾರವನ್ನು ಅದೇ ವಂಶದ ಮುದ್ದರಾಜನು 1654-55ರಲ್ಲಿ ಕಟ್ಟಿಸಿದನು. ಎರಡರ ನಡುವೆ ಒಂದು ಶತಮಾನದ ಅಂತರವಿದೆ. ಗುಡಿಯನ್ನು ಕಟ್ಟಿದ ಶಿಲ್ಪಿಯ ಮೊಮ್ಮಗನೂ ಬಾಗಿಲಿನ ಕೆಲಸವನ್ನು ಕಂಡಿರಲಾರನು. ಹೊಸಿಲನ್ನು ದಾಟಿ ಹೆಜ್ಜೆಯಿಡುವಾಗ ನಾವು ಹದಿನೇಳನೆಯ ಶತಮಾನದಿಂದ ಹದಿನಾರನೆಯ ಶತಮಾನಕ್ಕೆ ಹಿಂದಿರುಗುತ್ತೇವೆ.

ಈ ಅರಸರನ್ನು ಹದಿನಾಡಿನ ಪ್ರಭುಗಳೆಂದು ಕರೆಯುವುದು ವಾಡಿಕೆ. ಪದಿನಾಡು ಎಂಬುದು ಆ ಹೆಸರಿನ ಹಳೆಯ ರೂಪ. ಹತ್ತು ನಾಡುಗಳ ಸೀಮೆ ಎಂದು ಅದರ ಅರ್ಥ. ಅವರು ವಿಜಯನಗರದ ಚಕ್ರವರ್ತಿಗಳಿಗೆ ಅಧೀನರಾಗಿದ್ದರು. ಅವರ ನೆರೆಯಲ್ಲಿಯೇ ಉಮ್ಮತ್ತೂರಿನ ಪಾಳೆಯಗಾರರು ಪ್ರಬಲರಾಗಿ ಬೆಳೆದು ವಿಜಯನಗರಕ್ಕೇ ಸವಾಲಾಗಿದ್ದರು. ಕೃಷ್ಣದೇವರಾಯನು ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲಿಯೇ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆಯನ್ನು ಮುತ್ತಿ ಉಮ್ಮತ್ತೂರಿನ ಗಂಗರಾಜನನ್ನು ಸೋಲಿಸಿದನು. ಆ ಬಳಿಕ ಈ ಸೀಮೆಯಲ್ಲಿ ಕೆಲವು ದಶಕಗಳ ಕಾಲ ನೆಲೆಸಿದ ಶಾಂತಿಯಲ್ಲಿ ಸಿಂಗದೇಪರಾಜನ ಗುಡಿ ಎದ್ದಿತು.

ಮುದ್ದರಾಜನ ಕಾಲಕ್ಕೆ ಲೋಕವೇ ಬದಲಾಗಿತ್ತು. 1565ರ ಯುದ್ಧದಲ್ಲಿ ವಿಜಯನಗರವು ಸೋತು ಅದರ ರಾಜಧಾನಿ ಹಾಳುಬಿದ್ದಿತ್ತು. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಿದ್ದರು. 1654ರಲ್ಲಿ ಅಲ್ಲಿ ಆಳುತ್ತಿದ್ದವರು ರಣಧೀರ ಕಂಠೀರವ ನರಸರಾಜ ಒಡೆಯರು. ಸುತ್ತಮುತ್ತಲಿನ ಚಿಕ್ಕ ಪಾಳೆಯಪಟ್ಟುಗಳು ಒಂದೊಂದಾಗಿ ಮೈಸೂರಿನ ಹಿಡಿತಕ್ಕೆ ಬರುತ್ತಿದ್ದ ಕಾಲವದು. ಅಂತಹ ದಿನಗಳಲ್ಲಿ ಒಬ್ಬ ಸಣ್ಣ ಪ್ರಭು ಕೋಟೆಯನ್ನು ಬಲಪಡಿಸುವುದಷ್ಟನ್ನೇ ನೆನೆಯದೆ, ಪೂರ್ವಿಕನ ಗುಡಿಗೆ ಇಷ್ಟು ಕುಸುರಿಯ ಬಾಗಿಲನ್ನು ಕಟ್ಟಿಸಿದನೆಂಬುದು ಯೋಚನೆಗೆ ಹಚ್ಚುವ ಸಂಗತಿ. ಕೋಟೆಗಳಲ್ಲಿ ಬಹುಪಾಲು ಕಣ್ಮರೆಯಾಗಿವೆ, ಬಾಗಿಲು ನಿಂತಿದೆ.

ಈ ವರ್ಷಗಳು ನಮಗೆ ತಿಳಿಯುವುದು ಹೇಗೆ? ಮಹಾದ್ವಾರದ ಕಾಲವನ್ನು ಶಿಲಾಶಾಸನವೇ ತಿಳಿಸುತ್ತದೆ. ಹಳೆಯ ಶಾಸನಗಳು ಕಾಲವನ್ನು ಸಾಮಾನ್ಯವಾಗಿ ಶಕವರ್ಷದಲ್ಲಿ ಹೇಳುತ್ತವೆ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತವರ್ಷ ದೊರೆಯುತ್ತದೆ. ಶಕ 1576ಕ್ಕೆ 78 ಕೂಡಿಸಿರಿ, 1654 ಆಗುತ್ತದೆ. ಆದರೆ ಶಕವರ್ಷವು ಜನವರಿಯಲ್ಲಿ ತೊಡಗದೆ ಯುಗಾದಿಯಂದು ತೊಡಗಿ ಮುಂದಿನ ಯುಗಾದಿಯವರೆಗೆ ನಡೆಯುವುದರಿಂದ ಅದರ ಕೊನೆಯ ತಿಂಗಳುಗಳು 1655ಕ್ಕೆ ಸೇರುತ್ತವೆ. ಇತಿಹಾಸಕಾರರು 1654-55 ಎಂದು ಜೋಡಿಯಾಗಿ ಬರೆಯುವುದು ಈ ಕಾರಣದಿಂದಲೇ ಹೊರತು ಅನುಮಾನದಿಂದಲ್ಲ. ಒಳಗುಡಿಯ ವಿಷಯದಲ್ಲಿ ಮಾತ್ರ ಅವರು ‘ಸುಮಾರು’ ಎಂಬ ಮಾತನ್ನು ಸೇರಿಸುತ್ತಾರೆ. ಆ ಒಂದು ಪದವನ್ನು ನೀವು ಓದುವ ಪುಸ್ತಕಗಳಲ್ಲಿ ಗಮನಿಸಿರಿ.

ಯಳಂದೂರು ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ಓದಿಸಿ, ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಅಚ್ಚುಹಾಕಿಸಿದರು. ನೆರೆಯ ಕೊಳ್ಳೇಗಾಲಕ್ಕೆ ಆ ಸಂಪುಟದಲ್ಲಿ ಸ್ಥಾನವಿರಲಿಲ್ಲ. ಏಕೆಂದರೆ ಆಗ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಒಂದೇ ಹೊಳೆಯ ನೀರು ಕುಡಿದು, ಒಂದೇ ಜಾತ್ರೆಗೆ ಗಾಡಿ ಕಟ್ಟಿ ಹೋಗುತ್ತಿದ್ದ ಜನರ ನಡುವೆ ಒಂದು ರಾಜ್ಯದ ಗಡಿ ಹಾದುಹೋಗಿತ್ತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದುಗೂಡಿದಾಗ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಎರಡೂ ಒಂದೇ ಜಿಲ್ಲೆಗೆ ಸೇರಿದವು. ಈಚೆಗೆ ಕೊಳ್ಳೇಗಾಲದಿಂದ ಬೇರ್ಪಟ್ಟು ಹನೂರು ಪ್ರತ್ಯೇಕ ತಾಲ್ಲೂಕಾಯಿತು.

ಈಗ ಕಟ್ಟಡದತ್ತ ಹೊರಳೋಣ. ಒಳಗುಡಿಯ ಕ್ರಮವು ಸರಳವಾದುದು. ಶಿವಲಿಂಗವಿರುವ ಗರ್ಭಗೃಹ, ಅದರ ಮುಂದೆ ಅಂತರಾಳ, ಅದರಾಚೆಗೆ ಕಂಬಗಳ ಮಹಾಮಂಟಪ. ಮಂಟಪದಲ್ಲಿ ಗಣಪತಿ, ಷಣ್ಮುಖ, ಪಾರ್ವತಿ, ಮಹಿಷಾಸುರಮರ್ದಿನಿ, ಭೈರವ, ವೀರಭದ್ರ ಮೊದಲಾದವರ ವಿಗ್ರಹಗಳಿವೆ. ಶಿವಾಲಯವಾದರೂ ವಿಷ್ಣುವಿಗೂ ಅಲ್ಲಿ ಎಡೆಯಿದೆ. ಭಕ್ತನು ಬೆಳಕಿನಿಂದ ಹೊರಟು ನೆರಳನ್ನು ದಾಟಿ ಕತ್ತಲೆಯಲ್ಲಿ ಉರಿಯುವ ಒಂದು ದೀಪದ ಮುಂದೆ ನಿಲ್ಲುತ್ತಾನೆ. ದ್ರಾವಿಡ ಶೈಲಿಯ ಬಹುತೇಕ ಗುಡಿಗಳಂತೆ ಇಲ್ಲಿಯೂ ಒಳಗೆ ಹೋದಂತೆ ಜಾಗ ಕಿರಿದಾಗುತ್ತದೆ.

ಮಂಟಪದಲ್ಲಿ ಕಂಬಗಳು ಒತ್ತೊತ್ತಾಗಿ ಏಕೆ ನಿಂತಿವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕಲ್ಲಿಗೆ ಒಂದು ಸ್ವಭಾವವಿದೆ. ಮೇಲಿನಿಂದ ಎಷ್ಟು ಭಾರ ಹೇರಿದರೂ ಅದು ತಾಳುತ್ತದೆ. ಆದರೆ ಎರಡು ಕಡೆಯಿಂದ ಎಳೆದರೆ ಬೇಗ ಬಿರಿಯುತ್ತದೆ. ಎರಡು ಕಂಬಗಳ ಮೇಲೆ ಅಡ್ಡಲಾಗಿ ಇಟ್ಟ ತೊಲೆಗಲ್ಲು ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಅದರ ಮೇಲ್ಮೈ ಒತ್ತಲ್ಪಡುತ್ತದೆ, ಕೆಳಮೈ ಎಳೆಯಲ್ಪಡುತ್ತದೆ. ಕಂಬಗಳ ನಡುವಣ ಅಂತರ ಹೆಚ್ಚಿದಷ್ಟೂ ಆ ಎಳೆತವು ಹೆಚ್ಚಿ ತೊಲೆಯು ಕೆಳಗಿನಿಂದ ಬಿರುಕುಬಿಡುತ್ತದೆ. ಈ ಲೆಕ್ಕವನ್ನು ನಮ್ಮ ಸ್ಥಪತಿಗಳು ಕಾಗದದ ಮೇಲೆ ಬರೆಯದಿದ್ದರೂ ಕೈಯಲ್ಲಿ ಬಲ್ಲವರಾಗಿದ್ದರು. ಆದುದರಿಂದಲೇ ಕಂಬಗಳು ಹತ್ತಿರ ಹತ್ತಿರ ಬಂದವು. ಕಂಬದ ತಲೆಯ ಮೇಲೆ ಎರಡೂ ಕಡೆಗೆ ಚಾಚಿದ ಬೋದಿಗೆಗಳು ಬಂದವು.

ಈ ಸ್ವಭಾವವನ್ನು ಅರಿತುಕೊಂಡರೆ ಮಹಾದ್ವಾರದ ವಿಸ್ಮಯವು ಇಮ್ಮಡಿಯಾಗುತ್ತದೆ. ಆ ಮಂಟಪದ ನಾಲ್ಕು ಮೂಲೆಗಳನ್ನು ಕಲ್ಲಿನ ಬಳೆಗಳ ಸರಪಳಿಗಳು ಅಲಂಕರಿಸಿವೆ. ಒಂದು ಬಳೆಯೊಳಗೆ ಇನ್ನೊಂದು ಬಳೆ, ಅದರೊಳಗೆ ಮತ್ತೊಂದು. ಎಲ್ಲಿಯೂ ಬೆಸುಗೆಯಿಲ್ಲ, ಜೋಡಣೆಯಿಲ್ಲ. ಒಂದು ಸರಪಳಿಯೆಲ್ಲ ಒಂದೇ ಕಲ್ಲು. ಮಂಟಪಕ್ಕೆ ಹೆಸರು ಬಂದದ್ದು ಈ ಬಳೆಗಳಿಂದ. ಎಳೆತವನ್ನು ತಾಳದ ಕಲ್ಲನ್ನು ಎಳೆತವನ್ನೇ ಹೊರಬೇಕಾದ ಸರಪಳಿಯ ರೂಪಕ್ಕೆ ತಂದುದು ಶಿಲ್ಪಿಯು ತನ್ನ ಕೈಚಳಕಕ್ಕೆ ತಾನೇ ಒಡ್ಡಿಕೊಂಡ ಪರೀಕ್ಷೆ ಎನ್ನಬೇಕು. ಇಂತಹ ಸರಪಳಿಗಳು ಕಾಂಚೀಪುರದ ವರದರಾಜಸ್ವಾಮಿ ದೇವಾಲಯದ ಮಂಟಪದಲ್ಲಿಯೂ ಇವೆ. ಅದು ದೊಡ್ಡ ಕ್ಷೇತ್ರ, ದೊಡ್ಡ ದೊರೆಗಳ ಆಶ್ರಯದಲ್ಲಿದ್ದುದು. ಯಳಂದೂರಿನಂತಹ ಸಣ್ಣ ಊರಿನಲ್ಲಿ ಈ ಕೆಲಸವು ನಡೆದುದೇ ವಿಶೇಷ.

ಒಂದೇ ಕಲ್ಲಿನಿಂದ ಸರಪಳಿಯನ್ನು ಕಡೆಯುವ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಮೊದಲು ಬಿರುಕಿಲ್ಲದ ಉದ್ದನೆಯ ಕಲ್ಲನ್ನು ಆರಿಸಬೇಕು. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಕಲ್ಲು ಗಟ್ಟಿ. ಒಡಕು ದನಿ ಬಂದರೆ ಒಳಗೆ ಎಲ್ಲಿಯೋ ಬಿರುಕಿದೆ ಎಂದು ಶಿಲ್ಪಿಗಳು ತಿಳಿಯುತ್ತಾರೆ. ಬಳಿಕ ಆ ಕಲ್ಲಿನ ನಾಲ್ಕು ಅಂಚುಗಳನ್ನು ಉದ್ದಕ್ಕೂ ಕಡಿದು, ತುದಿಯಿಂದ ನೋಡಿದಾಗ ಕೂಡಿಸುವ ಚಿಹ್ನೆಯಂತೆ ಕಾಣುವ ಆಕಾರಕ್ಕೆ ತರಬೇಕು. ಆಗ ಒಂದಕ್ಕೊಂದು ಲಂಬವಾಗಿರುವ ಎರಡು ಪಟ್ಟಿಗಳು ಸಿದ್ಧವಾಗುತ್ತವೆ. ಮೊದಲನೆಯ ಬಳೆಯನ್ನು ಒಂದು ಪಟ್ಟಿಯಲ್ಲಿ ಗುರುತಿಸಿದರೆ ಎರಡನೆಯದನ್ನು ಅದಕ್ಕೆ ಅಡ್ಡವಾದ ಪಟ್ಟಿಯಲ್ಲಿ ಗುರುತಿಸಬೇಕು. ಮೂರನೆಯದು ಮತ್ತೆ ಮೊದಲಿನ ಪಟ್ಟಿಯಲ್ಲಿ. ಹೀಗೆ ಗುರುತಿಸಿದ ಮೇಲೆ ಚಾಣದ ಮೊನೆಯಿಂದ ಒಳಗಿನ ಕಲ್ಲನ್ನು ಸಾಸುವೆಯಷ್ಟು ಸಾಸುವೆಯಷ್ಟಾಗಿ ಕೆದಕಿ ತೆಗೆಯಬೇಕು. ಬಳೆಗೂ ಬಳೆಗೂ ನಡುವೆ ಅಲ್ಲಲ್ಲಿ ಒಂದಿಷ್ಟು ಕಲ್ಲನ್ನು ಸೇತುವೆಯಂತೆ ಉಳಿಸಿಕೊಂಡಿರುತ್ತಾರೆ. ಕೆಲಸವೆಲ್ಲ ಮುಗಿಯುವವರೆಗೂ ಸರಪಳಿಯು ಅಲುಗಾಡದೆ ಒಂದೇ ದಿಂಡಾಗಿರಲಿ ಎಂಬುದು ಅದರ ಉದ್ದೇಶ. ಕಟ್ಟಕಡೆಗೆ ಆ ಸೇತುವೆಗಳನ್ನು ಕತ್ತರಿಸಿದಾಗ ಬಳೆಗಳು ಒಂದರಿಂದೊಂದು ಬಿಡಿಯಾಗಿ ತೂಗಾಡುತ್ತವೆ. ಕೊನೆಯ ಏಟು ತಪ್ಪಿದರೆ ತಿಂಗಳುಗಳ ದುಡಿಮೆ ನೆಲಕ್ಕೆ ಬೀಳುತ್ತದೆ.

ಇಲ್ಲಿ ಕಲ್ಲಿನ ಜಾತಿಯನ್ನೂ ನೆನಪಿಡಬೇಕು. ಕಾವೇರಿಯ ಆಚೆಗಿನ ಸೋಮನಾಥಪುರದಲ್ಲಿ ಹೊಯ್ಸಳ ಶಿಲ್ಪಿಗಳು ಹದಿಮೂರನೆಯ ಶತಮಾನದಲ್ಲಿ ಬಳಸಿದುದು ಬಳಪದ ಕಲ್ಲನ್ನು. ಅದು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಡುಸಾಗುತ್ತದೆ. ಆದುದರಿಂದ ಅಲ್ಲಿ ಆಭರಣದ ಕುಸುರಿಯನ್ನು ಕೂದಲೆಳೆಯಷ್ಟು ನವುರಾಗಿ ಬಿಡಿಸಲು ಸಾಧ್ಯವಾಯಿತು. ಯಳಂದೂರಿನ ಕಲ್ಲು ಹಾಗಲ್ಲ. ಇದು ನಮ್ಮ ಸೀಮೆಯ ಗುಡ್ಡ ಬೋರೆಗಳಲ್ಲಿ ದೊರೆಯುವ ಕಣಶಿಲೆ. ಹರಳು ಹರಳಾಗಿರುವ ಈ ಕಲ್ಲಿನಲ್ಲಿ ಚಾಣವು ತುಸು ಓರೆಯಾದರೂ ಹರಳು ಎದ್ದುಹೋಗುತ್ತದೆ. ಎದ್ದುಹೋದ ಮೂಗನ್ನು ಮತ್ತೆ ಅಂಟಿಸುವಂತಿಲ್ಲ. ಸೋಮನಾಥಪುರವನ್ನು ನೋಡಿ ಬಂದವರು ಯಳಂದೂರಿನ ವಿಗ್ರಹಗಳು ಒರಟೆಂದು ಹೇಳುವುದನ್ನು ಕೇಳಿದ್ದೇನೆ. ಎರಡು ಕಲ್ಲುಗಳನ್ನೂ ಕೈಯಲ್ಲಿ ಹಿಡಿದು ನೋಡಿದವರು ಆ ಮಾತನ್ನು ಆಡಲಾರರು.

ಮಹಾದ್ವಾರದ ಗೋಡೆ ಕಂಬಗಳಲ್ಲಿ ಪುರಾಣದ ಕಥೆಗಳು ತುಂಬಿಕೊಂಡಿವೆ. ಶಿವನು ಅಂಧಕಾಸುರನನ್ನು ಕೊಲ್ಲುವ ಉಗ್ರ ರೂಪವಿದೆ. ಮರದಡಿಯಲ್ಲಿ ಕುಳಿತು ಮೌನದಿಂದಲೇ ಬೋಧಿಸುವ ದಕ್ಷಿಣಾಮೂರ್ತಿಯಾದ ಶಾಂತ ರೂಪವೂ ಇದೆ. ಕಾಳಿಂಗನ ಹೆಡೆಯ ಮೇಲೆ ಕುಣಿಯುವ ಬಾಲಕೃಷ್ಣನಿದ್ದಾನೆ. ಒಂದೆಡೆ ವಾಲಿ ಸುಗ್ರೀವರು ಒಬ್ಬರನ್ನೊಬ್ಬರು ಬಿಗಿಹಿಡಿದು ಕಾದುತ್ತಿದ್ದಾರೆ. ಇಬ್ಬರೂ ಒಂದೇ ರೂಪಿನವರಾದುದರಿಂದ ರಾಮನಿಗೆ ಬಾಣ ಬಿಡಲು ತೋಚದೆ ಹೋಯಿತೆಂಬ ಕಥೆಯನ್ನು ನೀವು ಕೇಳಿದ್ದೀರಿ. ಆ ಗೊಂದಲವನ್ನು ಕಲ್ಲಿನಲ್ಲಿ ತೋರಿಸುವುದು ಸುಲಭವಲ್ಲ.

ಕಿರಾತಾರ್ಜುನರ ಪ್ರಸಂಗವನ್ನಂತೂ ಇಲ್ಲಿ ಕಾಣಲೇಬೇಕು. ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡುತ್ತಿದ್ದ ಅರ್ಜುನನ ಮುಂದೆ ಶಿವನು ಬೇಡನಾಗಿ ಬರುತ್ತಾನೆ. ಇಬ್ಬರೂ ಒಂದೇ ಹಂದಿಗೆ ಬಾಣ ಬಿಡುತ್ತಾರೆ. ಬೇಟೆ ಯಾರದೆಂದು ಜಗಳ ತೊಡಗುತ್ತದೆ. ಪಂಪನೂ ಕುಮಾರವ್ಯಾಸನೂ ಈ ಕಥೆಯನ್ನು ಕನ್ನಡದಲ್ಲಿ ಹೇಳಿದ್ದಾರೆ. ಬೆಟ್ಟಗಾಡಿನ ಅಂಚಿನಲ್ಲಿರುವ ಊರಿನ ಜನರಿಗೆ ಬೇಡನ ವೇಷದ ದೇವರು ದೂರದವನಾಗಿ ಕಂಡಿರಲಾರನು.

ನರಸಿಂಹ ಮತ್ತು ಶರಭ ಇಬ್ಬರೂ ಇದೇ ಬಾಗಿಲಿನಲ್ಲಿ ಇರುವುದು ಇನ್ನೊಂದು ಸ್ವಾರಸ್ಯ. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಕೋಪ ಇಳಿಯಲಿಲ್ಲವೆಂದೂ, ಅದನ್ನು ಶಮನಗೊಳಿಸಲು ಶಿವನು ಸಿಂಹವೂ ಹಕ್ಕಿಯೂ ಕೂಡಿದಂತಹ ಶರಭನ ರೂಪವನ್ನು ತಾಳಿದನೆಂದೂ ಶೈವ ಪುರಾಣಗಳು ಹೇಳುತ್ತವೆ. ವೈಷ್ಣವರು ಈ ಕಥೆಯನ್ನು ಒಪ್ಪುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ಎರಡು ಮತದವರೂ ಅಕ್ಕಪಕ್ಕದಲ್ಲಿ ಬಾಳುತ್ತಿದ್ದ ಊರಿನಲ್ಲಿ ಈ ಶಿಲ್ಪಗಳ ಮುಂದೆ ಎಂತಹ ವಾದಗಳು ನಡೆದಿರಬಹುದೆಂದು ಊಹಿಸಿಕೊಳ್ಳಬಹುದು. ಬಾಗಿಲನ್ನು ಕಟ್ಟಿಸಿದ ಮುದ್ದರಾಜನಿಗಂತೂ ಇಬ್ಬರೂ ಬೇಕಾದವರೇ ಆಗಿದ್ದರೆಂದು ತೋರುತ್ತದೆ. ಶಿವನ ಗುಡಿಗೆ ಬಾಗಿಲು ಕಟ್ಟಿಸಿದ ಹನ್ನೆರಡು ಹದಿಮೂರು ವರ್ಷಗಳ ಬಳಿಕ, 1667ರಲ್ಲಿ, ಬಿಳಿಗಿರಿ ಬೆಟ್ಟದ ರಂಗನಾಥನಿಗೆ ಸಂಬಂಧಿಸಿದ ಶಾಸನವೊಂದು ಮುದ್ದರಾಜನ ಹೆಸರಿನಲ್ಲಿ ಹುಟ್ಟಿತು. ಅದರಲ್ಲಿ ಬೆಟ್ಟಕ್ಕೆ ಶ್ವೇತಾದ್ರಿ ಎಂಬ ಹೆಸರಿದೆ.

ಆ ದಿನಗಳ ಯಳಂದೂರು ಶಿಲ್ಪಿಗಳ ಊರಷ್ಟೇ ಆಗಿರಲಿಲ್ಲ. ‘ರಾಜಶೇಖರ ವಿಲಾಸ’ವನ್ನು ಬರೆದ ಷಡಕ್ಷರದೇವನು ಇಲ್ಲಿಯ ಮಠದೊಡನೆ ಸಂಬಂಧ ಹೊಂದಿದ್ದವನು, ಮಹಾದ್ವಾರವು ಏಳುತ್ತಿದ್ದ ಅದೇ ದಶಕದಲ್ಲಿ ಅವನು ಆ ಕಾವ್ಯವನ್ನು ಮುಗಿಸಿದನು. ಚಿಕ್ಕದೇವರಾಜ ಒಡೆಯರ ಮಂತ್ರಿಯಾದ ವಿಶಾಲಾಕ್ಷ ಪಂಡಿತನು ಯಳಂದೂರಿನ ಜೈನ ವಿದ್ವಾಂಸ. ಆ ಅರಸರ ರಾಣಿ ದೇವಾಜಮ್ಮಣ್ಣಿ ಯಳಂದೂರಿನ ಅರಸುಮನೆತನದ ಮಗಳು. ರಾಣಿವಾಸದಲ್ಲಿ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಹೊನ್ನಮ್ಮನೂ ಇದೇ ಊರಿನವಳು. ಕವಿ, ಪಂಡಿತ, ಮಂತ್ರಿ, ಊಳಿಗದ ಹೆಣ್ಣು ಎಲ್ಲರೂ ಈ ಬಾಗಿಲಿನ ಹೊಸ ಕಲ್ಲನ್ನು ಕಂಡವರಿರಬೇಕು.

ಮುಂದೆ ಹದಿನಾಡಿನ ಪ್ರಭುತ್ವವು ಮೈಸೂರಿನಲ್ಲಿ ಲೀನವಾಯಿತು. 1807ರಲ್ಲಿ ಯಳಂದೂರು ಸೀಮೆಯು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಅವರ ಹೆಸರಿನ ಬಂಗಲೆಯು ಇಂದಿಗೂ ಊರಿನಲ್ಲಿದೆ. ಒಡೆತನ ಎಷ್ಟು ಬಾರಿ ಬದಲಾದರೂ ಗುಡಿಯಲ್ಲಿ ದೀಪ ಉರಿಯುತ್ತಲೇ ಇದ್ದಿತು.

ಕಲ್ಲಿನ ಕಟ್ಟಡವು ಶಾಶ್ವತವೆಂದು ನಾವು ತಿಳಿಯುತ್ತೇವೆ. ಅದು ನಿಜವಲ್ಲ. ಛಾವಣಿಯ ಗಾರೆ ಬಿರಿದು ಮಳೆನೀರು ಇಳಿಯುತ್ತದೆ. ಹಕ್ಕಿ ತಂದಿಟ್ಟ ಒಂದು ಆಲದ ಬೀಜ ಸಂದಿನಲ್ಲಿ ಮೊಳೆತು, ಬೇರು ಬಲಿತು, ಟನ್ನುಗಟ್ಟಲೆ ಭಾರದ ಕಲ್ಲನ್ನು ಪಕ್ಕಕ್ಕೆ ತಳ್ಳುತ್ತದೆ. ಅಡಿಪಾಯದ ಮಣ್ಣು ಒಂದು ಕಡೆ ಕುಸಿದರೆ ಗೋಡೆ ವಾಲುತ್ತದೆ. ಆದುದರಿಂದ ದೇವಾಲಯಗಳನ್ನು ಕಾಲಕಾಲಕ್ಕೆ ಬಿಚ್ಚಿ ಕಟ್ಟುವುದು ನಮ್ಮಲ್ಲಿ ಹೊಸತಲ್ಲ. ಅದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಹಳೆಯ ಶಾಸನಗಳಲ್ಲಿ ಹೊಸ ಗುಡಿಯನ್ನು ಕಟ್ಟಿಸಿದುದನ್ನು ಹೊಗಳಿರುವಂತೆಯೇ ಹಾಳಾದುದನ್ನು ಉದ್ಧರಿಸಿದುದನ್ನೂ ಹೊಗಳಿದೆ.

ಆದರೆ ಉದ್ಧಾರದ ಹೆಸರಿನಲ್ಲಿ ನಾಶವೂ ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಶಾಸನದ ಕಲ್ಲುಗಳು ಮೆಟ್ಟಿಲಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಅಕ್ಷರ ಸವೆಸಿಕೊಂಡಿರುವುದನ್ನು ನೀವೂ ಕಂಡಿರಬಹುದು. ಭಕ್ತಿಯಿಂದಲೇ ವರ್ಷವರ್ಷವೂ ಬಳಿದ ಸುಣ್ಣವು ಪದರಗಟ್ಟಿ ಶಿಲ್ಪದ ಕಣ್ಣು ಮೂಗುಗಳನ್ನು ಮುಚ್ಚುತ್ತದೆ. ಸಿಮೆಂಟಿನ ಹಾನಿ ಇನ್ನೂ ಹೆಚ್ಚಿನದು. ಹಿಂದಿನವರು ಸುಣ್ಣ, ಮರಳುಗಳನ್ನು ಬೆಲ್ಲದ ನೀರು ಮೊದಲಾದುವುಗಳೊಡನೆ ಅರೆದು ಗಾರೆಯನ್ನು ಮಾಡುತ್ತಿದ್ದರು. ಆ ಗಾರೆಯು ಕಲ್ಲಿಗಿಂತ ಮೆದುವಾದುದು. ಗೋಡೆಯೊಳಗಿನ ತೇವವು ಅದರ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟು ತೇವವನ್ನು ಒಳಗೇ ಹಿಡಿದಿಡುತ್ತದೆ. ಅದರಿಂದ ಹೊರಟ ಲವಣಗಳು ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಅದನ್ನು ಪುಡಿ ಪುಡಿಯಾಗಿ ಉದುರಿಸುತ್ತವೆ. ಬಿರುಕುಬಿಟ್ಟ ಕಲ್ಲನ್ನು ಕಬ್ಬಿಣದ ಪಟ್ಟಿಯಿಂದ ಬಿಗಿದರೆ, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಬಿರುಕನ್ನು ದೊಡ್ಡದು ಮಾಡುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ಕೆಡುಕಾಗುವುದು ಹೀಗೆ.

ಹಾಗಾದರೆ ಕುಸಿಯುತ್ತಿರುವ ಗುಡಿಯನ್ನು ಮತ್ತೆ ಕಟ್ಟುವ ಸರಿಯಾದ ದಾರಿ ಯಾವುದು? ಅದಕ್ಕೆ ಉದಾಹರಣೆಯು ಯಳಂದೂರಿನಿಂದ ಬಹಳ ದೂರವಿಲ್ಲ. ಕಾವೇರಿಯ ಎಡದಂಡೆಯ ತಲಕಾಡಿನಲ್ಲಿ, ಹೊಯ್ಸಳ ವಿಷ್ಣುವರ್ಧನನು 1116ರಲ್ಲಿ ಚೋಳರನ್ನು ಗೆದ್ದುದರ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು. ಶತಮಾನಗಳು ಕಳೆದಂತೆ ನದಿಯ ಪಾತ್ರದಿಂದ ಗಾಳಿ ಹೊತ್ತು ತಂದ ಮರಳು ಆ ಊರನ್ನು ಮುಚ್ಚತೊಡಗಿತು. ಅಲಮೇಲಮ್ಮನ ಶಾಪವೇ ಇದಕ್ಕೆ ಕಾರಣವೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿಯು ಮೇಲ್ಭಾಗದಲ್ಲಿ ಕಟ್ಟಿಸಿದ ಅಣೆಕಟ್ಟಿನಿಂದ ಹರಿವು ಬದಲಾಗಿ ಮರಳು ಬಯಲಾದುದೇ ಕಾರಣವಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಕಾರಣ ಯಾವುದೇ ಇರಲಿ, ಮರಳಿನ ಭಾರವನ್ನೂ ನೆಲದ ಕುಸಿತವನ್ನೂ ಸಹಿಸಿದ ಗುಡಿಯು ಜೀರ್ಣವಾಗಿದ್ದಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಅದನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸವನ್ನು ಕೈಗೊಂಡಿತು.

ಇಂತಹ ಕೆಲಸದಲ್ಲಿ ಆತುರಕ್ಕೆ ಎಡೆಯಿಲ್ಲ. ಕಟ್ಟಡವನ್ನು ಮುಟ್ಟುವ ಮೊದಲು ಪ್ರತಿಯೊಂದು ಮುಖದ ಚಿತ್ರವನ್ನೂ ಅಳತೆಯ ನಕ್ಷೆಯನ್ನೂ ತೆಗೆಯುತ್ತಾರೆ. ಪ್ರತಿಯೊಂದು ಕಲ್ಲಿಗೂ ಒಂದು ಸಂಖ್ಯೆಯನ್ನು ಬರೆಯುತ್ತಾರೆ: ಯಾವ ದಿಕ್ಕಿನ ಗೋಡೆ, ಕೆಳಗಿನಿಂದ ಎಷ್ಟನೆಯ ವರಸೆ, ಆ ವರಸೆಯಲ್ಲಿ ಎಷ್ಟನೆಯ ಕಲ್ಲು. ಬಳಿಕ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಇಳಿಸಿ, ಬಯಲಿನಲ್ಲಿ ಅದೇ ಕ್ರಮದಲ್ಲಿ ಜೋಡಿಸಿಡುತ್ತಾರೆ. ಅಡಿಪಾಯವನ್ನು ಬಲಪಡಿಸಿದ ಮೇಲೆ ಕೆಳಗಿನಿಂದ ಮೇಲಕ್ಕೆ ಅದೇ ಕಲ್ಲು ಅದೇ ಜಾಗಕ್ಕೆ ಬರುತ್ತದೆ. ಪೂರ್ತಿ ಪುಡಿಯಾಗಿಹೋದ ಕಲ್ಲಿಗೆ ಬದಲಾಗಿ ಹೊಸದನ್ನು ಇಡಬೇಕಾದರೆ ಅದರ ಮೇಲೆ ಹಳೆಯ ಶಿಲ್ಪದ ಅನುಕರಣೆಯನ್ನು ಕೆತ್ತದೆ ಬರಿದಾಗಿ ಬಿಡುವುದು ಪುರಾತತ್ತ್ವಜ್ಞರ ಸಾಮಾನ್ಯ ನಿಯಮ. ನೂರು ವರ್ಷಗಳ ಬಳಿಕ ಬರುವವನು ಹೊಯ್ಸಳರ ಕೈ ಯಾವುದು, ನಮ್ಮ ಕಾಲದ ಕೈ ಯಾವುದು ಎಂದು ಮೋಸಹೋಗದೆ ಗುರುತಿಸಲಿ ಎಂಬುದು ಅದರ ಹಿಂದಿನ ಆಲೋಚನೆ. ಮುದ್ದರಾಜನೂ ಇದನ್ನೇ ಬೇರೆ ರೀತಿಯಲ್ಲಿ ಮಾಡಿದನು. ಪೂರ್ವಿಕನ ಗುಡಿಯನ್ನು ಕೆಡವದೆ ಅದರ ಮುಂದೆ ತನ್ನ ಬಾಗಿಲನ್ನು ನಿಲ್ಲಿಸಿ, ಕಾಲವನ್ನು ಕಲ್ಲಿನಲ್ಲಿ ಬರೆಯಿಸಿದನು.

ಪೂಜೆ ನಡೆಯುವ ಗುಡಿಗಳಲ್ಲಿ ಕೆಲಸವು ಇನ್ನೂ ಕಷ್ಟಕರ. ಅಲ್ಲಿ ಕಲ್ಲಿನ ಜೊತೆಗೆ ಜನರ ಮನಸ್ಸನ್ನೂ ಜೋಪಾನ ಮಾಡಬೇಕು. ಬಿಳಿಗಿರಿರಂಗನ ಬೆಟ್ಟದ ರಂಗನಾಥಸ್ವಾಮಿ ದೇವಾಲಯವು ಬಿಳಿಯ ಬಂಡೆಯ ಕಡಿದಾದ ಅಂಚಿನಲ್ಲಿದೆ. ಬೆಟ್ಟಕ್ಕೆ ಹೆಸರು ಬಂದದ್ದೇ ಆ ಬಂಡೆಯಿಂದ. ಮಳೆ ಗಾಳಿಗಳಿಗೆ ಸದಾ ಮೈಯೊಡ್ಡಿದ ಆ ಗುಡಿಯ ಜೀರ್ಣೋದ್ಧಾರವು 2017ರಲ್ಲಿ ಆರಂಭವಾಯಿತು. ಬಾಗಿಲು ಭಕ್ತರಿಗೆ ಮತ್ತೆ ತೆರೆದುದು 2021ರಲ್ಲಿ. ಕಾಡಿನ ಸೋಲಿಗರಿಗೆ ರಂಗಯ್ಯನು ದೇವರು ಮಾತ್ರವಲ್ಲ, ತಮ್ಮ ಮನೆಯ ಹೆಣ್ಣು ಕುಸುಮಾಲೆಯನ್ನು ಕೈಹಿಡಿದ ಭಾವನೂ ಹೌದು. ಅವನು ಇರುಳಿನಲ್ಲಿ ಕಾಡನ್ನೆಲ್ಲ ಸುತ್ತುತ್ತಾನೆಂದು ಆ ಸೀಮೆಯ ಜನ ನಂಬುತ್ತಾರೆ. ನಡೆದು ನಡೆದು ಅವನ ಚರ್ಮದ ಪಾದರಕ್ಷೆಗಳು ಸವೆಯುತ್ತವಂತೆ. ಎರಡು ವರ್ಷಕ್ಕೊಮ್ಮೆ ಬೆಟ್ಟದ ಕೆಳಗಿನ ಊರಿನ ಚಮ್ಮಾರರು ಭಕ್ತಿಯಿಂದ ಭಾರಿ ಅಳತೆಯ ಹೊಸ ಜೋಡನ್ನು ಹೊಲಿದು ತಲೆಯ ಮೇಲೆ ಹೊತ್ತು ತಂದು ಒಪ್ಪಿಸುತ್ತಾರೆ. ಸವೆದ ಹಳೆಯ ಜೋಡನ್ನೂ ಅಲ್ಲಿ ಎಸೆಯುವುದಿಲ್ಲ. ಅದನ್ನು ಅರ್ಚಕರು ಸರದಿಯಲ್ಲಿ ನಿಂತ ಭಕ್ತರ ತಲೆಯ ಮೇಲಿಟ್ಟು ಹರಸುತ್ತಾರೆ.